ದೀಪದ ಸುತ್ತಿನ ಬಳೆ

ಮಗಳು ಮಾಡುವ ಕೆಲಸ ಏನೆಂದು ಯಾರಾದರೂ ಕೇಳಿದರೆ ಮಹಾಬಳೇಶ್ವರ ಮೊದಲೆಲ್ಲ "ಕಂಪ್ಯೂಟರಿಂದು" ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದ. ಹುಬ್ಬಳ್ಳಿಯಲ್ಲಿ ನಾಲ್ಕೈದು ಮಂದಿ ಸೇರಿ ಕಟ್ಟಿಕೊಂಡ ಸಣ್ಣ ಕಂಪನಿ, ಅವರು ವಿಡಿಯೋ ಗೇಮ್ ಮಾಡುತ್ತಾರೆ, ಮಧುಮತಿ ವಾರಕ್ಕೊಮ್ಮೆ ಅಲ್ಲಿಗೆ ಹೋಗಿಬಂದು ಉಳಿದ ದಿನ ದಾಂಡೇಲಿಯ ಬಂಗೂರನಗರದ ಮನೆಯಲ್ಲೇ ಕೂತು ಕೆಲಸ ಮಾಡುತ್ತಾಳೆ, ಇಷ್ಟು ಅವನಿಗೆ ಗೊತ್ತಿತ್ತು. ಆದರೆ ಆಟ ಕಟ್ಟುವುದೂ ಒಂದು ದುಡಿಮೆ ಎಂಬುದನ್ನು ಅವನ ಮನಸ್ಸು ಒಪ್ಪಿರಲಿಲ್ಲ.

ಒಪ್ಪಿದ್ದು ಅವಳು ತನ್ನ ಕಂಪ್ಯೂಟರಿನಲ್ಲಿ ಅಣಶಿ ಘಾಟಿನ ರಸ್ತೆ ತೋರಿಸಿದ ದಿನ.

ಈಗ ಹಳಿಯಾಳದ ಕಡೆಯಿಂದ ಮಕ್ಕಳನ್ನು ಕರೆತರುವ ಕಾಲೇಜು ಬಸ್ಸಿನ ಡ್ರೈವರ್ ಆಗಿದ್ದರೂ, ಅದಕ್ಕೂ ಮೊದಲು ಅವನು ಬಹಳ ವರ್ಷ ಲಾರಿ ಓಡಿಸಿದವನು. ದಾಂಡೇಲಿ ಬಿಟ್ಟರೆ ಜೋಯಿಡಾ, ಅಣಶಿ, ಕದ್ರಾ ಹಾದು ಕಾರವಾರ. ಆ ಘಾಟಿನ ತಿರುವುಗಳು ಅವನ ತೋಳುಗಳಿಗೆ ಬಾಯಿಪಾಠ. ಮಗಳ ಕಂಪ್ಯೂಟರಿನಲ್ಲಿ ಅದೇ ತಿರುವುಗಳು ಒಂದರ ಹಿಂದೊಂದು ಬಂದಾಗ, ಕುರ್ಚಿಯಲ್ಲಿ ಕೂತವನ ಬಲಗಾಲು ಬ್ರೇಕು ಒತ್ತುವಂತೆ ತಾನಾಗಿ ನೆಲಕ್ಕೆ ಊರಿತು.

"ಇಲ್ಲಿ ಮೋರಿ ಎಡಕ್ಕಿಲ್ಲ, ಬಲಕ್ಕೈತಿ," ಎಂದ.

ಮಧುಮತಿ ತಿರುಗಿ ಅಪ್ಪನ ಮುಖ ನೋಡಿದಳು. "ನನಗ ಇದ ಬೇಕಾಗಿತ್ತು ಅಪ್ಪಾ. ಬಸ್ ಓಡಸೂ ಆಟ ಇದು. ಇದ್ರಾಗ ಬೆಳಕಿನ ಕೆಲಸ ನಂದು. ಸಂಜಿ ಮುಂದ ಡ್ರೈವರ್ ಸೀಟಿನಿಂದ ಈ ರಸ್ತೆ ಹೆಂಗ ಕಾಣ್ತೈತಿ, ನಾ ಎಲ್ಲಿ ನೋಡೀನಿ? ನೀ ಹೇಳಬೇಕು."

ಅಂದಿನಿಂದ ಮಹಾಬಳೇಶ್ವರ ಬಸ್ಸು ನಿಲ್ಲಿಸಿ ಬಂದು ಕೈಕಾಲು ತೊಳೆದವನೇ ಮಗಳ ಪಕ್ಕ ಕೂರತೊಡಗಿದ. ಹೆಂಡತಿ ಮಾಲವ್ವ ಚಹಾ ತಂದಿಟ್ಟು, "ಇಡೀ ದಿನ ಓಡಿಸಿದ್ದು ಸಾಲಂಗಿಲ್ಲೇನ್ರಿ, ಮನಿಯಾಗೂ ಓಡಸ್ಬೇಕ?" ಎಂದು ನಗುತ್ತಿದ್ದಳು.

ಸ್ವಲ್ಪ ದಿನಕ್ಕೆ ಹುಬ್ಬಳ್ಳಿ ಬಸ್ಸಿನಲ್ಲಿ ಕಂಬಳಿ ಸುತ್ತಿಕೊಂಡು ಕಂಪನಿಯ ಹೊಸ ಪರದೆಯೊಂದು ಬಂತು. ಮಧುಮತಿ ಅದನ್ನು ಮೇಜಿನ ಮೇಲೆ ಕೂರಿಸಿ, ತಂತಿ ಜೋಡಿಸಿ, ಇದು ಎಚ್‌ಡಿಆರ್ ಪರದೆ ಎಂದಳು. ಹಾಗೆಂದರೇನು ಎಂದು ಅಪ್ಪ ಕೇಳಿದ.

"ನಮ್ಮ ಹಳೇ ಟಿವ್ಯಾಗ ಬಿಳಿ ಅಂಗಿನೂ ಬಿಳೀನ, ಸೂರ್ಯನೂ ಬಿಳೀನ. ಎರಡಕ್ಕೂ ಅಷ್ಟ ಬೆಳಕು. ಇದ್ರಾಗ ಹಂಗಲ್ಲ. ಅಂಗಿ ಅಂಗಿಯಂಗ ಇರತೈತಿ, ಸೂರ್ಯ ಕಣ್ಣಿಗೆ ಝಳಾ ಹೊಡಿತಾನ. ಕತ್ತಲಿನೂ ಹಂಗ. ಕರಿ ಒಳಗ ಇನ್ನೊಂದು ಕರಿ ಕಾಣ್ತೈತಿ. ಆದ್ರ ಮೊದ್ಲ ಎಲ್ಲಾ ಸರಿಯಾಗಿ ಹೊಂದಿಸಿಕೋಬೇಕು. ಇಲ್ಲಾಂದ್ರ ಬೆಳಕೆಲ್ಲಾ ಸುಣ್ಣ ಬಳದಂಗ, ಕತ್ತಲೆಲ್ಲಾ ಡಾಂಬರ್ ಸುರುವಿದಂಗ ಆಗತೈತಿ."

ಹೊಂದಿಸುವ ಕೆಲಸ ಹೀಗಿತ್ತು. ಪೂರಾ ಕಪ್ಪು ಪರದೆ, ಅದರ ನಡುವೆ ಸ್ಟೇರಿಂಗ್ ಚಕ್ರದ ಒಂದು ಗುರುತು. ಕೆಳಗಿನ ಪಟ್ಟಿಯಲ್ಲಿರುವ ಗುಂಡಿಯನ್ನು ಹಿಂದೆ ಮುಂದೆ ಸರಿಸಿ, ಆ ಗುರುತು ಕಂಡೂ ಕಾಣದಷ್ಟು ಮಸುಕಾದಲ್ಲಿ ನಿಲ್ಲಿಸಬೇಕು.

"ಗುರುತು ಎಲ್ಲೈತಿ?" ಎಂದ ಮಹಾಬಳೇಶ್ವರ.

ಮಧುಮತಿ ಗುಂಡಿ ಸರಿಸಿದಳು. ಇನ್ನೂ ಇಲ್ಲ ಎಂದ. ಮತ್ತೆ ಸರಿಸಿದಳು. ಅವಳ ಕಣ್ಣಿಗೆ ಚಕ್ರ ಬೂದಿ ಬಣ್ಣದಲ್ಲಿ ಎದ್ದು ಕಾಣುವಾಗ, "ಈಗ ಕಾಣ್ತೈತಿ ನೋಡು, ಸ್ವಲ್ಪ," ಎಂದ. ಅಪ್ಪನಿಗೆ ಪರದೆ ನೋಡಿ ರೂಢಿಯಿಲ್ಲ ಎಂದುಕೊಂಡು ಅವಳು ಗುಂಡಿಯನ್ನು ಅಲ್ಲಿಗೇ ಬಿಟ್ಟಳು.

ಮುಂದಿನದು ಪೇಪರ್ ವೈಟ್. ಬಿಳಿ ಹಾಳೆಯೊಂದು ಆಟದೊಳಗೆ ಎಷ್ಟು ಬೆಳ್ಳಗೆ ಕಾಣಬೇಕು ಎಂಬುದರ ಲೆಕ್ಕ. ಮಧುಮತಿ ನಿಜವಾದ ಒಂದು ಹಾಳೆಯನ್ನೇ ತಂದು ಪರದೆಯ ಪಕ್ಕ ಹಿಡಿದಳು. ಮಹಾಬಳೇಶ್ವರನ ತಂದೆ ಮುದಕಪ್ಪ ಸವದತ್ತಿ ಕಡೆಯಿಂದ ಬಂದು ಊರಿನ ಕಾಗದದ ಮಿಲ್ಲಿನಲ್ಲಿ ದುಡಿದವರು. ಬಿಳಿ ಹಾಳೆ ಎಂದರೇನೆಂದು ಆ ಮನೆಯವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಹಳೇದೇನು ಈ ಹಾಳಿ? ಹಳದಿ ಹೊಡೀತೈತಲ್ಲ," ಎಂದ ಮಹಾಬಳೇಶ್ವರ.

ಮಧುಮತಿ ಹಾಳೆಯನ್ನು ತಿರುಗಿಸಿ ನೋಡಿದಳು. ಅವಳಿಗೆ ಅದು ಬೆಳ್ಳಗೇ ಇತ್ತು. ಕಿಟಕಿಯಿಂದ ಸಂಜೆ ಬಿಸಿಲು ಬೀಳುತ್ತಿತ್ತು, ಅದರ ಬಣ್ಣವಿರಬೇಕು ಎಂದುಕೊಂಡಳು.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಎದುರಿನಿಂದ ಬರುವ ಲಾರಿಯ ದೀಪ. ಮಧುಮತಿ ಮಾಡಿಟ್ಟಿದ್ದ ದೀಪಗಳು ಅಪ್ಪನಿಗೆ ಸುಳ್ಳು ಎನಿಸಿದವು.

"ಹಿಂಗ ಚುಕ್ಕಿ ಇಟ್ಟಂಗ ಇರಂಗಿಲ್ಲ ಮಧು. ದೀಪದ ಸುತ್ತ ದುಂಡಗ ಬಳಿ ಇರ್ತಾವು, ಒಂದರ ಹೊರಗ ಒಂದು. ಬೆಳಕು ಹಿಂಗ ಹರಡಿ ಅರ್ಧ ರಸ್ತಿ ತಿಂದುಬಿಡತೈತಿ. ಈಗಿನ ಹೊಸ ಬಿಳಿ ಲೈಟಂತೂ ಕೇಳಬ್ಯಾಡ."

ಬೆಳಕನ್ನು ಸುತ್ತ ಹರಡಿಸುವುದಕ್ಕೆ ಬ್ಲೂಮ್ ಎಂಬ ಇನ್ನೊಂದು ಗುಂಡಿ ಇತ್ತು. ಮಧುಮತಿ ಅದನ್ನು ಏರಿಸಿದಳು. ಸಾಲದು ಎಂದ. ಇನ್ನೂ ಏರಿಸಿದಳು. ಇಷ್ಟೊಂದು ಬೇಕೇ ಎಂದು ಅವಳಿಗೆ ಅನುಮಾನ ಬಂತು. ಆದರೆ ಧೂಳು ಹಿಡಿದ ಮುಂದಿನ ಗಾಜು, ಡ್ರೈವರ್ ಸೀಟಿನ ಎತ್ತರ, ಎದುರಿನ ಲಾರಿ, ಇವೆಲ್ಲ ಸೇರಿದಾಗ ಹಾಗೇ ಕಾಣುತ್ತಿರಬಹುದು. ಅಷ್ಟು ವರ್ಷ ಆ ಸೀಟಿನಲ್ಲಿ ಕೂತವನು ಅಪ್ಪ, ತಾನಲ್ಲ. ಕೊನೆಗೆ ಮಹಾಬಳೇಶ್ವರ ತೊಡೆ ತಟ್ಟಿ, "ಹಾಂ, ಈಗ ಬರೋಬರಿ ಆತು. ಇದ ಖರೇ ರಸ್ತಿ," ಎಂದ.

ಆಗ ಮಾಲವ್ವ ಒಳಗಿನಿಂದ ಬಂದಳು. ಪರದೆಯನ್ನು ನೋಡಿ, "ಮಂಜು ಬಿದ್ದೈತೇನವ್ವಾ ಇಲ್ಲಿ?" ಎಂದು ಕೇಳಿದಳು. ಅಪ್ಪ ಮಗಳು ಇಬ್ಬರೂ ನಕ್ಕರು.

ಮಾಡಿದ್ದನ್ನು ಮಧುಮತಿ ಹುಬ್ಬಳ್ಳಿಗೆ ಕಳಿಸಿದಳು. ಅಲ್ಲಿ ಅವಳ ಕೆಲಸ ನೋಡುವವನು ದೇವರಾಜ. ಮುಂಡಗೋಡದ ಹತ್ತಿರದ ತಾಂಡಾದವನು, ಬೆಳಕಿನ ವಿಷಯದಲ್ಲಿ ಬಹಳ ಪಳಗಿದವನು, ಮಾತು ಕಡಿಮೆ. ಅವನಿಂದ ಬಂದ ಫೋನು ಚಿಕ್ಕದಾಗಿತ್ತು. ಹೊಗೆಯೊಳಗಿಂದ ನೋಡಿದ ಹಾಗಿದೆ, ಹೀಗೆ ಯಾರು ಹೊಂದಿಸಿದರು ಎಂದು ಕೇಳಿದ. ಅಪ್ಪ ಎಂದಳು. ರವಿವಾರ ಊರಿಗೆ ಹೋಗುತ್ತಿದ್ದೇನೆ, ತಿರುಗಿ ಹೋಗುವಾಗ ದಾಂಡೇಲಿಗೆ ಬಂದು ನೋಡಿ ಹೋಗುತ್ತೇನೆ ಎಂದ.

ದೇವರಾಜ ಬಂದಾಗ ಅವನ ತಾಯಿ ಲಾಲಿಬಾಯಿ ಕಳಿಸಿದ ಹೊಸ ಅಕ್ಕಿಯ ಚೀಲ ಬೈಕಿನ ಹಿಂದಿತ್ತು. ಮಾಲವ್ವ ಊಟಕ್ಕೆ ಹಾಕಿದಳು. ಊಟ ಮುಗಿದ ಮೇಲೆ ಎಲ್ಲರೂ ಪರದೆಯ ಮುಂದೆ ಕೂತರು. ದೇವರಾಜ ಒಮ್ಮೆ ತನ್ನ ಹೊಂದಿಕೆ, ಒಮ್ಮೆ ಮಹಾಬಳೇಶ್ವರನ ಹೊಂದಿಕೆ, ಹೀಗೆ ಬದಲಿಸಿ ಬದಲಿಸಿ ತೋರಿಸಿದ.

"ಕಾಕಾ, ಖರೇನ ಹಿಂಗ ಕಾಣ್ತೈತೇನ್ರಿ ನಿಮಗ?"

ಮಹಾಬಳೇಶ್ವರನಿಗೆ ಆ ಪ್ರಶ್ನೆ ಹಿಡಿಸಲಿಲ್ಲ. "ನೋಡ್ರಿ ಸರ, ನೀವು ಕಂಪ್ಯೂಟರ್ ಬಲ್ಲವರು. ನಾ ರಸ್ತಿ ಬಲ್ಲವ. ನೀವು ಕೇಳಿದ್ರಿ, ನಾ ಹೇಳೀನಿ. ಬ್ಯಾಡಾಗಿದ್ರ ಬಿಡ್ರಿ."

"ಬ್ಯಾಡ ಅನ್ನಾಕತ್ತಿಲ್ರಿ. ಒಂದ್ಸಲ ರಸ್ತಿಗೆ ಹೋಗಿ ನೋಡಿಬರೂಣು. ಇಲ್ಲೇ ಹಳಿಯಾಳ ರೋಡಿಗೆ. ಹೆಂಗೂ ಹೊತ್ತು ಮುಳಗಾಕತ್ತೈತಿ."

ಅಪ್ಪ, ಮಗಳು, ದೇವರಾಜ ಮೂವರೂ ಊರ ಹೊರಗಿನ ಚಹಾದಂಗಡಿಯ ಹತ್ತಿರ ಹೋಗಿ ರಸ್ತೆಯ ಬದಿಯಲ್ಲಿ ನಿಂತರು. ಆಕಾಶದಲ್ಲಿ ಇನ್ನೂ ಕೊಂಚ ಕೆಂಪಿತ್ತು, ಮರಗಳ ಕೆಳಗೆ ಮಾತ್ರ ಕತ್ತಲು ಕೂತಿತ್ತು. ದೂರದ ಇಳಿಜಾರಿನಲ್ಲಿ ಒಂದು ಲಾರಿ ಕಾಣಿಸಿತು. ಮಹಾಬಳೇಶ್ವರ ಕೈ ಚಾಚಿ ತೋರಿಸಿದ.

"ನೋಡ್ರಿ ಈಗ. ಬಳಿ ಕಂಡವಿಲ್ಲೋ? ಎರಡೂ ದೀಪ ಕೂಡಿ ಒಂದ ಉಂಡಿ ಆಗೈತಿ. ಅದರ ಬಾಜೂಕ ಏನೈತಿ ಅಂತ ಯಾರಿಗರ ತಿಳೀತೈತೇನು?"

ಲಾರಿ ಹತ್ತಿರ ಬಂತು, ಹಾದು ಹೋಯಿತು. ಮಹಾಬಳೇಶ್ವರ ತಿರುಗಿದಾಗ ಮಧುಮತಿ ಲಾರಿಯನ್ನು ನೋಡುತ್ತಿರಲಿಲ್ಲ, ಅವನ ಮುಖವನ್ನೇ ನೋಡುತ್ತಿದ್ದಳು.

"ಬಾಜೂಕ ಒಬ್ಬಾಂವ ಸೈಕಲ್ ಮ್ಯಾಲೆ ಬರಾಕತ್ತಿದ್ದ ಅಪ್ಪಾ," ಎಂದಳು ಮೆಲ್ಲಗೆ.

ಸೈಕಲ್ಲಿನವನು ಆಗ ಅವರ ಮುಂದೆಯೇ ಹಾದುಹೋದ. ಹ್ಯಾಂಡಲ್ಲಿಗೆ ಚೀಲ ತೂಗುಹಾಕಿಕೊಂಡು, ಏನೋ ಗುನುಗುತ್ತ.

"ನಿಮಗಿಬ್ರಿಗೂ ಬಳಿ ಕಾಣಲಿಲ್ಲೇನು?" ಎಂದ ಮಹಾಬಳೇಶ್ವರ.

"ಇಲ್ರಿ ಕಾಕಾ," ಎಂದ ದೇವರಾಜ. "ನಿಮಗ ಕಾಣೂದು ಸುಳ್ಳಲ್ರಿ. ಆದ್ರ ಅದು ರಸ್ತಿಯೊಳಗ ಇಲ್ಲ."

ಮಹಾಬಳೇಶ್ವರ ಅಂಗಡಿಯ ಬಲ್ಬನ್ನು ನೋಡಿದ. ಎಡಗಣ್ಣು ಮುಚ್ಚಿ ನೋಡಿದ, ಬಲಗಣ್ಣು ಮುಚ್ಚಿ ನೋಡಿದ. ಎರಡರಲ್ಲೂ ಬಳೆ ಇದ್ದವು, ಬಲಗಣ್ಣಿನಲ್ಲಿ ದೊಡ್ಡವು. ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟ. ಹೋದ ವಾರದ ಸಂಜೆ ನೆನಪಿಗೆ ಬಂತು. ಹಳಿಯಾಳ ಇನ್ನೇನು ಬಂತು ಎನ್ನುವಲ್ಲಿ, ಕಬ್ಬು ಹೇರಿದ ಟ್ರಾಲಿಯೊಂದು ದೀಪವಿಲ್ಲದೆ ರಸ್ತೆಯಲ್ಲಿ ನಿಂತಿತ್ತು. ಎದುರಿನ ಗಾಡಿಯ ಬೆಳಕು ಸರಿದ ಮೇಲೆಯೇ ಅದು ಕಣ್ಣಿಗೆ ಬಿದ್ದದ್ದು. ಎರಡೂ ಕಾಲಿನಿಂದ ಬ್ರೇಕು ತುಳಿದಿದ್ದ. ಹಿಂದೆ ಹುಡುಗಿಯರು ಚೀರಿದ್ದರು, ಯಾರದೋ ಡಬ್ಬಿ ಬಿದ್ದು ಉಳಿದ ಅನ್ನವೆಲ್ಲ ಚೆಲ್ಲಿತ್ತು. ಅವನು ಕೆಳಗಿಳಿದು ಟ್ರ್ಯಾಕ್ಟರಿನವನಿಗೆ ಬಾಯಿಗೆ ಬಂದಂತೆ ಬೈದಿದ್ದ. ಬಸ್ಸಿನಲ್ಲಿ ಇದ್ದದ್ದು ಊರಿನವರ ಮಕ್ಕಳು. ತನ್ನನ್ನು ನಂಬಿ ಹತ್ತಿಸಿದ ಮಕ್ಕಳು.

ಮಧುಮತಿ ಪಕ್ಕದಲ್ಲಿ ಕೂತು ಅವನ ಕೈ ಹಿಡಿದುಕೊಂಡಳು. ದೇವರಾಜ ಮೂರು ಚಹಾ ಹೇಳಿದ. ಚಹಾ ಕುಡಿದು ಮುಗಿಸಿದ ಮೇಲೆ ಮಹಾಬಳೇಶ್ವರ ಅಲ್ಲಿಂದಲೇ ಕಾಲೇಜಿನಲ್ಲಿ ಬಸ್ಸುಗಳನ್ನು ನೋಡಿಕೊಳ್ಳುವ ಶಿವಲಿಂಗಪ್ಪನವರಿಗೆ ಫೋನು ಹಚ್ಚಿದ.

"ನಾಳಿಂದ ನನ್ನ ಬಸ್ಸಿಗೆ ಬ್ಯಾರೆ ಡ್ರೈವರ್ ಹಾಕ್ರಿ ಸಾಹೇಬ್ರ. ನನ್ನ ಕಣ್ಣು ಸರಿ ಇಲ್ಲ."

"ಹಗಲು ಕಾಣ್ತೈತಲ್ಲೋ ಮಾರಾಯ? ಪರೀಕ್ಷಾ ಮುಗಿಯೂತನ ಹೆಂಗರ ನಡಸು. ಒಮ್ಮಿಂದೊಮ್ಮೆಲೆ ನಾ ಎಲ್ಲಿಂದ ತರ್ಲಿ?"

"ತಿರುಗಿ ಬಿಡೂಮುಂದ ಕತ್ತಲಾಗತೈತ್ರಿ. ನನ್ನ ಕಡೆಯಿಂದ ಆಗಂಗಿಲ್ರಿ. ಮಕ್ಕಳು ಅದಾವ ಒಳಗ."

ಶಿವಲಿಂಗಪ್ಪ ಏನೋ ಗೊಣಗಿದರು. ಆಮೇಲೆ ದನಿ ಇಳಿಸಿ, ಆಯಿತು, ಪುಂಡಲೀಕನನ್ನು ಕಳಿಸುತ್ತೇನೆ, ನೀನು ಮೊದಲು ದವಾಖಾನೆಗೆ ಹೋಗು ಎಂದರು. ಪುಂಡಲೀಕ ಕಾಲೇಜಿನ ವ್ಯಾನು ಓಡಿಸುವವನು, ಮಹಾಬಳೇಶ್ವರನಿಗಿಂತ ಒಂದೆರಡು ವರ್ಷ ಚಿಕ್ಕವನು.

ಮರುದಿನ ಬೆಳಿಗ್ಗೆ ಬಸ್ಸಿನ ಹಾರ್ನು ಮನೆಯ ಮುಂದೆ ಹಾದುಹೋಗುವಾಗ ಮಹಾಬಳೇಶ್ವರ ಅಂಗಿ ತೊಟ್ಟು ಕಟ್ಟೆಯ ಮೇಲೆ ಕೂತಿದ್ದ. ಕೆಲಸವಿಲ್ಲದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡಿದ್ದ. ಮಾಲವ್ವ ಹೊರಗೆ ಬಂದು ಅವನ ಪಕ್ಕ ಕೂತಳು. ಆಮೇಲೆ, "ಕಣ್ಣು ಪೂರಾ ಹೋಗೂದಿಲ್ಲಲ್ರಿ?" ಎಂದು ಕೇಳಿದಳು. ಅವನ ಮನಸ್ಸಿನಲ್ಲೂ ಅದೇ ಪ್ರಶ್ನೆ ಇತ್ತು.

ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ನಡುವಯಸ್ಸಿನ ಹೆಂಗಸು. ಕಣ್ಣಿಗೆ ಹನಿ ಹಾಕಿಸಿ, ಕತ್ತಲೆ ಕೋಣೆಯಲ್ಲಿ ಕೂರಿಸಿ, ಬಹಳ ಹೊತ್ತು ನೋಡಿದರು. "ಎರಡೂ ಕಣ್ಣಿಗೆ ಪೊರೆ ಬಂದಿದೆ. ಒಳಗೆ ನರ ಚೆನ್ನಾಗಿದೆ. ಹೆದರುವುದೇನಿಲ್ಲ, ತೆಗೆದರೆ ಸರಿಹೋಗುತ್ತದೆ. ಮೊದಲು ಬಲಗಣ್ಣು, ಸ್ವಲ್ಪ ದಿನ ಬಿಟ್ಟು ಎಡಗಣ್ಣು," ಎಂದರು. ಗೊತ್ತಾದದ್ದು ಹೇಗೆ ಎಂದು ಅವರು ಕೇಳಿದಾಗ ಮಧುಮತಿ ತನ್ನ ಮೊಬೈಲಿನಲ್ಲಿ ಎರಡು ಚಿತ್ರ ತೋರಿಸಿದಳು: ಒಂದು ದೇವರಾಜ ಹೊಂದಿಸಿದ್ದು, ಇನ್ನೊಂದು ಅಪ್ಪ ಹೊಂದಿಸಿದ್ದು. ಡಾಕ್ಟರು ಕನ್ನಡಕ ಏರಿಸಿ ನೋಡಿದರು. ಪಕ್ಕದ ಕೋಣೆಯಿಂದ ಕಿರಿಯ ಡಾಕ್ಟರನ್ನು ಕರೆದು, "ನೋಡು, ಪೇಶಂಟಿಗೆ ಹೀಗೆ ಕಾಣುತ್ತದೆ," ಎಂದು ಫೋನನ್ನು ಅವನ ಕೈಗೆ ಕೊಟ್ಟರು.

ಬಲಗಣ್ಣಿನ ಆಪರೇಶನ್ ಮಹಾಬಳೇಶ್ವರ ಹೆದರಿದ್ದಷ್ಟು ದೊಡ್ಡದಾಗಿರಲಿಲ್ಲ. ಪಟ್ಟಿ ಬಿಚ್ಚಿದಾಗ ಅವನು ಮೊದಲು ನೋಡಿದ್ದು ಮಾಲವ್ವನ ಸೀರೆ. ಬಹಳ ದಿನದಿಂದ ಅದನ್ನು ಅವನು ಕಂದು ಬಣ್ಣದ್ದೆಂದೇ ತಿಳಿದಿದ್ದ.

"ಇದು ನೇರಳಿ ಬಣ್ಣದ್ದು," ಎಂದ.

"ನೀವ ತಂದಿದ್ದಲ್ರಿ," ಎಂದಳು ಮಾಲವ್ವ. ಸೆರಗಿನಿಂದ ಮೂಗು ಒರೆಸಿಕೊಂಡಳು.

ಮನೆಗೆ ಬಂದ ಮೇಲೆ ಅವನಿಗೊಂದು ಆಟವೇ ಸಿಕ್ಕಿತು. ಎಡಗಣ್ಣು ಮುಚ್ಚಿ ಗೋಡೆ ನೋಡುವುದು, ಬಲಗಣ್ಣು ಮುಚ್ಚಿ ಅದೇ ಗೋಡೆ ನೋಡುವುದು. ಒಂದು ಕಣ್ಣಿಗೆ ಗೋಡೆ ತುಸು ನೀಲಿ ಬೆರೆತ ಬಿಳಿ, ಇನ್ನೊಂದಕ್ಕೆ ಚಹಾ ಚೆಲ್ಲಿದ ಬಟ್ಟೆ. ಇಷ್ಟು ವರ್ಷ ಹೀಗೇ ಇತ್ತೇ, ಯಾವಾಗ ಶುರುವಾಯಿತು, ತನಗೆ ತಿಳಿಯಲೇ ಇಲ್ಲವಲ್ಲ ಎಂದು ಬೆರಗಾದ.

ಈ ಸಂಗತಿಯನ್ನು ಮಧುಮತಿ ದೇವರಾಜನಿಗೆ ಹೇಳಿದಳು. ಅವನು ಆ ರವಿವಾರವೇ ಮತ್ತೆ ಬಂದ. ಆಟದಲ್ಲಿ ವಯಸ್ಸಾದ ಡ್ರೈವರನೊಬ್ಬನನ್ನು ಇಡಬೇಕು, ಆಡುವವರು ಒಂದು ಸಂಜೆಯ ಪ್ರಯಾಣವನ್ನು ಅವನ ಕಣ್ಣಿನಿಂದ ಮಾಡಬೇಕು ಎಂಬುದು ಅವನ ವಿಚಾರವಾಗಿತ್ತು. ಆದರೆ ಅದು ಅಂದಾಜಿನ ಮೇಲೆ ಮಾಡಿದ ಮಬ್ಬು ಆಗಬಾರದು.

"ಕಾಕಾ, ನಿಮ್ಮ ಎಡಗಣ್ಣಿನ ಆಪರೇಶನ್ ಆಗೂದ್ರೊಳಗ ನಮಗೊಂದು ಕೆಲಸ ಮಾಡಿಕೊಡಬೇಕ್ರಿ. ಎರಡೂ ನಮೂನಿ ಒಮ್ಮೆಲೆ ಕಾಣೂದು ನಿಮಗ ಒಬ್ಬರಿಗೆ."

ಪರದೆಯನ್ನು ಎರಡು ಪಾಲು ಮಾಡಿದರು. ಒಂದು ಪಾಲಿನಲ್ಲಿ ದೇವರಾಜನ ಚೊಕ್ಕ ರಸ್ತೆ, ಅದನ್ನು ಮಹಾಬಳೇಶ್ವರ ಎಡಗಣ್ಣಿನಿಂದ ಮಾತ್ರ ನೋಡಬೇಕು. ಇನ್ನೊಂದು ಪಾಲಿನಲ್ಲಿ ಗುಂಡಿಗಳಿಂದ ಬದಲಿಸಬಹುದಾದ ರಸ್ತೆ, ಅದನ್ನು ಬಲಗಣ್ಣಿನಿಂದ ಮಾತ್ರ. ಎರಡೂ ಒಂದೇ ಎನಿಸುವವರೆಗೆ ಮಧುಮತಿ ಗುಂಡಿ ಸರಿಸುತ್ತ ಹೋಗಬೇಕು.

ಮೊದಲು ಬ್ಲೂಮ್ ಏರಿಸಿದರು. ಬಳೆಗಳು ಹುಟ್ಟಿದವು. "ಇನ್ನಷ್ಟು ಅಗಲ," ಎಂದ. ಆಮೇಲೆ ಪೇಪರ್ ವೈಟ್ ಇಳಿಸಿದರು. ಬಿಳಿಗೆ ಹಳದಿ ಬೆರೆಸಿದರು. "ಇಷ್ಟಲ್ಲ. ಹಿಂದಕ್ಕ ತಗೋ. ಹಾಂ, ನಿಲ್ಲು." ಕಪ್ಪಿನ ಹೊಂದಿಕೆ ಎಲ್ಲಕ್ಕಿಂತ ಕಠಿಣವಾಗಿತ್ತು. ಪೊರೆಯ ಕಣ್ಣಿಗೆ ಕತ್ತಲು ಬರೀ ಕತ್ತಲಾಗಿ ಕಾಣುತ್ತಿರಲಿಲ್ಲ. ದೀಪ ದೂರವಿದ್ದಾಗ ಮರ, ಕಲ್ಲು, ಮೋರಿ ಎಲ್ಲ ಒಂದೇ ಮುದ್ದೆ; ದೀಪ ಹತ್ತಿರ ಬಂದಂತೆ ಆ ಮುದ್ದೆಯ ಮೇಲೆ ಬೂದಿ ತೂರಿದ ಹಾಗೆ. ಇದನ್ನು ಮಾತಿನಲ್ಲಿ ಹೇಳಲು ಅವನು ಬಹಳ ಒದ್ದಾಡಿದ. ಕೈಯಿಂದ ತೋರಿಸಿದ, ಎದ್ದು ನಿಂತು ತೋರಿಸಿದ. ದೇವರಾಜ ಬೇಸರಿಸದೆ ಕೇಳಿ, ಅಲ್ಲೇ ಕೂತು ಕೋಡ್ ಬರೆದು ಹೊಸ ಗುಂಡಿಯೊಂದನ್ನೇ ಸೇರಿಸಿದ. ಮಾಲವ್ವ ಎರಡು ಸಲ ಚಹಾ ಮಾಡಿದಳು. ಕೊನೆಗೆ ಮಹಾಬಳೇಶ್ವರ ಒಂದು ಕಣ್ಣು ಮುಚ್ಚಿ, ಇನ್ನೊಂದು ತೆರೆದು, ಮತ್ತೆ ಬದಲಿಸಿ ನೋಡಿ, "ಎರಡೂ ಒಂದ ಆದವು," ಎಂದ.

ಆಗ ಮಧುಮತಿ ತನ್ನ ಎರಡೂ ಕಣ್ಣಿನಿಂದ ಆ ರಸ್ತೆಯನ್ನು ನೋಡಿದಳು. ಪರದೆಯ ಮೇಲೆ ಬಸ್ಸು ಘಾಟಿ ಇಳಿಯುತ್ತಿತ್ತು. ಎದುರಿನ ದೀಪ ಬಂದಾಗ ರಸ್ತೆ ಪೂರಾ ಅಳಿಸಿಹೋಯಿತು.

"ಇಂಥಾ ಕಣ್ಣು ಇಟಗೊಂಡು ದಿನಾ ಓಡಸ್ತಿದ್ದೆಯೇನು ಅಪ್ಪಾ?" ಎಂದಳು.

"ಹಿಂಗ ಅಂತ ಗೊತ್ತಿರಲಿಲ್ಲವ್ವಾ," ಎಂದ ಮಹಾಬಳೇಶ್ವರ. "ಎಲ್ಲಾರಿಗೂ ಹಿಂಗ ಕಾಣ್ತೈತಿ ಅಂತ ತಿಳಿದಿದ್ದೆ."

ಎಡಗಣ್ಣಿನ ಆಪರೇಶನ್ನೂ ಸುಸೂತ್ರವಾಗಿ ಮುಗಿಯಿತು. ಡಾಕ್ಟರು ತಪಾಸಣೆ ಮಾಡಿ ಗಾಡಿ ಓಡಿಸಬಹುದೆಂದು ಬರೆದುಕೊಟ್ಟ ಮೇಲೆ ಮಹಾಬಳೇಶ್ವರ ಬಸ್ಸಿಗೆ ಮರಳಿದ. ಮೊದಲ ಸಂಜೆ ಶಿವಲಿಂಗಪ್ಪನವರೇ ಅವನ ಪಕ್ಕದ ಸೀಟಿನಲ್ಲಿ ಕೂತು ಹಳಿಯಾಳದವರೆಗೆ ಬಂದರು. ಇಳಿಯುವಾಗ ಅವನ ಬೆನ್ನು ತಟ್ಟಿದರು. ಎದುರಿನಿಂದ ಬಂದ ಗಾಡಿಗಳ ದೀಪ ಎರಡೆರಡು ಚುಕ್ಕಿಯಾಗಿಯೇ ಬಂದು ಹಾದುಹೋಗಿದ್ದವು. ಅವುಗಳ ಆಚೆ ರಸ್ತೆಯ ಅಂಚು, ಅಂಚಿನಾಚೆ ಗದ್ದೆ, ಗದ್ದೆಯಲ್ಲಿ ಮನೆಗೆ ಹೊರಟ ಮಂದಿ, ಎಲ್ಲವೂ ಅವನಿಗೆ ಕಂಡಿದ್ದವು.

ಹೊಸ ಆಟದ ಸುದ್ದಿ ಡ್ರೈವರುಗಳ ನಡುವೆ ಹರಡಿತು. ನಿಮ್ಮ ಮಗಳು ಮಾಡಿದ ಬಸ್ಸು ನೋಡಬೇಕು ಎಂದು ಒಂದು ಸಂಜೆ ಪುಂಡಲೀಕ ಮನೆಗೆ ಬಂದ. ಮಹಾಬಳೇಶ್ವರ ಅವನನ್ನು ಪರದೆಯ ಮುಂದೆ ಕೂರಿಸಿದ. ಮಧುಮತಿ ಏನೂ ವಿವರಿಸದೆ, ಒಂದೇ ರಸ್ತೆಯ ಎರಡು ನೋಟಗಳನ್ನು ಅಕ್ಕಪಕ್ಕ ಇಟ್ಟು, ಇದರಲ್ಲಿ ಯಾವುದು ನಿಮಗೆ ಸರಿಯೆನಿಸುತ್ತದೆ ಎಂದು ಕೇಳಿದಳು.

ಪುಂಡಲೀಕ ಮುಂದಕ್ಕೆ ಬಾಗಿ ನೋಡಿದ. "ಎರಡರಾಗೂ ಅಂಥಾ ಫರಕೇನಿಲ್ಲಲ್ಲವ್ವಾ? ಅದಾದ್ರೂ ಅಷ್ಟ, ಇದಾದ್ರೂ ಅಷ್ಟ."

ಮಧುಮತಿ ಅಪ್ಪನ ಕಡೆ ನೋಡಿದಳು. ಮಹಾಬಳೇಶ್ವರ ಕುರ್ಚಿ ಎಳೆದುಕೊಂಡು ಪುಂಡಲೀಕನ ಎದುರು ಕೂತ.

"ಬುಧವಾರ ನನಗ ರಜಾ ಐತಿ ಪುಂಡಲೀಕ. ಇಬ್ರೂ ಹುಬ್ಬಳ್ಳಿಗೆ ಕಣ್ಣಿನ ಡಾಕ್ಟರ ಕಡೆ ಹೋಗಿಬರೂಣು. ಅಲ್ಲೀತನ ನೀ ಸಂಜಿ ವ್ಯಾನ್ ತಗೀಬ್ಯಾಡ. ನಾ ಶಿವಲಿಂಗಪ್ಪನವರಿಗೆ ಹೇಳ್ತೇನಿ."

ಪುಂಡಲೀಕ ಅವನ ಮುಖ ನೋಡಿದ, ಪರದೆ ನೋಡಿದ. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ನೋಯ್ತೈತೇನಣ್ಣಾ ಆ ಆಪರೇಶನ್?" ಎಂದ ಸಣ್ಣ ದನಿಯಲ್ಲಿ.

"ಇಲ್ಲ. ಚಳ್ಳಂತ ನೀರು ಬಿಟ್ಟಂಗ ಆಗತೈತಿ, ಅಷ್ಟ. ಬಾಜೂಕ ನಾ ಇರ್ತೇನಿ."

"ಆಮ್ಯಾಲೆ?"

"ಆಮ್ಯಾಲೆ ಮೊದಲ ನಿನ್ನ ವ್ಯಾನಿನ ಗಾಜು ಎಷ್ಟು ಹೊಲಸಾಗೈತಿ ಅನ್ನೂದು ಕಾಣ್ತೈತಿ. ಒರಸಾಕ ತಯಾರಾಗಿರು."

ಪುಂಡಲೀಕನ ಮುಖ ಸಡಿಲವಾಯಿತು. ಮಾಲವ್ವ ಒಳಗಿನಿಂದ, ಊಟ ಮಾಡಿಕೊಂಡೇ ಹೋಗಬೇಕು, ರೊಟ್ಟಿ ಬಡಿಯುತ್ತಿದ್ದೇನೆ ಎಂದು ಕೂಗಿ ಹೇಳಿದಳು.